ಹಸಿರು ಮರಳಿನ ಪಾಠ

ನನಗೆ ಪಾಠ ಮಾಡಲು ಬರುವುದಿಲ್ಲ ಎಂಬುದು ಕಾರ್ಖಾನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ನನ್ನನ್ನು ತರಬೇತಿ ವಿಭಾಗಕ್ಕೆ ಹಾಕಿದ್ದರು. ಉತ್ಪಾದನೆಯಲ್ಲಿ ಇಟ್ಟರೆ ಎರಕ ಕೆಡಿಸುತ್ತಾನೆ, ಖರೀದಿಯಲ್ಲಿ ಇಟ್ಟರೆ ಕಡತ ಕಳೆಯುತ್ತಾನೆ, ತರಬೇತಿಯಲ್ಲಾದರೆ ಕೆಡಿಸಲು ಏನೂ ಇಲ್ಲ ಎಂದು ಮೇಲಿನವರು ಅಂದುಕೊಂಡಿರಬೇಕು. ವಿಭಾಗ ಎಂದರೆ ನಾನು, ಒಬ್ಬ ಗುಮಾಸ್ತ, ಒಂದು ಕರಿಹಲಗೆ ಮತ್ತು ಕಾಲು ಅಲುಗಾಡುವ ಒಂದಷ್ಟು ಕುರ್ಚಿಗಳು. ನಾನು ಅಧಿಕಾರಿ ಎನ್ನುವುದಕ್ಕೆ ಇದ್ದ ಒಂದೇ ಆಧಾರ ಬಾಗಿಲ ಮೇಲಿನ ಫಲಕ.

ಕಾರ್ಖಾನೆ ಇದ್ದದ್ದು ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ. ನೀರೆತ್ತುವ ಪಂಪುಗಳ ಕಬ್ಬಿಣದ ಕವಚಗಳನ್ನು ಎರಕ ಹೊಯ್ಯುವ ಸಾಧಾರಣ ಗಾತ್ರದ ಫೌಂಡ್ರಿ ಅದು. ನಾನು ವಿದ್ಯಾನಗರದಲ್ಲಿ ಬಸ್ಸು ಹತ್ತುತ್ತಿದ್ದೆ. ಕೆಲಸಗಾರರಲ್ಲಿ ಹೆಚ್ಚಿನವರು ಭದ್ರಾವತಿ ಕಡೆಯಿಂದ ಬರುತ್ತಿದ್ದರು. ಎರಡೂ ಬಸ್ಸುಗಳು ಗೇಟಿನ ಎದುರು ಹೆಚ್ಚುಕಡಿಮೆ ಒಟ್ಟಿಗೇ ನಿಲ್ಲುತ್ತಿದ್ದವು. ಶಿವಮೊಗ್ಗದ ಬಸ್ಸಿನಿಂದ ಇಸ್ತ್ರಿ ಮಾಡಿದ ಅಂಗಿಗಳು ಇಳಿಯುತ್ತಿದ್ದವು, ಭದ್ರಾವತಿಯ ಬಸ್ಸಿನಿಂದ ಕೆಲಸ ಇಳಿಯುತ್ತಿತ್ತು.

ನಿಜವಾದ ತರಬೇತಿ ನಡೆಯುತ್ತಿದ್ದದ್ದು ನನ್ನ ಕೋಣೆಯಲ್ಲಲ್ಲ, ಎರಕದ ಅಂಗಳದಲ್ಲಿ. ಅಲ್ಲಿ ಒಬ್ಬ ಮೇಸ್ತ್ರಿ ಇದ್ದರು. ಅವರ ಮನೆಮಾತು ತಮಿಳು. ಅಪ್ಪನ ಕಾಲದಲ್ಲೇ ಕಬ್ಬಿಣದ ಕೆಲಸ ಹುಡುಕಿಕೊಂಡು ಭದ್ರಾವತಿಗೆ ಬಂದು ನಿಂತ ಮನೆತನ. ಹೊಸದಾಗಿ ಸೇರಿದವನ ಕೈಗೆ ಅವರು ಮೊದಲು ಒಂದು ಹಿಡಿ ಮರಳು ಕೊಡುತ್ತಿದ್ದರು. ಅಚ್ಚು ಕಟ್ಟುವ ಮರಳಿನಲ್ಲಿ ಒಂದಿಷ್ಟು ಜೇಡಿ, ಒಂದಿಷ್ಟು ನೀರು ಬೆರೆತಿರುತ್ತದೆ. ನೀರು ಜಾಸ್ತಿಯಾದರೆ ಕಾದ ಕಬ್ಬಿಣ ಬಿದ್ದಾಗ ಆವಿ ಎದ್ದು ಎರಕದಲ್ಲಿ ತೂತು ಬೀಳುತ್ತದೆ, ಕಡಿಮೆಯಾದರೆ ಅಚ್ಚು ಉದುರುತ್ತದೆ. ಸರಿಯಾದ ಹದ ಯಾವುದು ಎಂದು ಅಂಗೈಗೆ ಗೊತ್ತಾಗಬೇಕು. ‘ಹಿಡಿ. ಒತ್ತು. ಈಗ ಮುರಿ’ ಎನ್ನುತ್ತಿದ್ದರು. ಮುರಿದ ಅಂಚು ಚೂಪಾಗಿ ನಿಂತರೆ ಸರಿ, ಉದುರಿದರೆ ತಲೆಯ ಮೇಲೆ ಒಂದು ಏಟು. ಹದಿನೈದು ದಿನದಲ್ಲಿ ಎಂಥ ದಡ್ಡನ ಕೈಗೂ ಬುದ್ಧಿ ಬರುತ್ತಿತ್ತು.

ಅವರಲ್ಲೊಂದು ದೊಡ್ಡ ದೋಷವಿತ್ತು. ಹೆಂಗಸರಿಗೆ ಏನನ್ನೂ ಹೇಳಿಕೊಡುತ್ತಿರಲಿಲ್ಲ. ಪಂಪಿನ ಕವಚದ ಒಳಗೆ ಟೊಳ್ಳು ಬರಬೇಕಾದರೆ ಅಚ್ಚಿನ ನಡುವೆ ಗಟ್ಟಿ ಮರಳಿನ ಒಂದು ತುಂಡನ್ನು ಕೂರಿಸಬೇಕು. ಅದಕ್ಕೆ ಕೋರ್ ಎನ್ನುತ್ತಾರೆ. ಆ ಕೋರುಗಳನ್ನು ಮಾಡುತ್ತಿದ್ದವರು ಗುತ್ತಿಗೆಯ ಮೇಲೆ ಬರುತ್ತಿದ್ದ ಹತ್ತು ಹನ್ನೆರಡು ಮಂದಿ ಹೆಂಗಸರು. ಅವರಿಗೂ ಒಂದಿಷ್ಟು ಹೇಳಿಕೊಡಿ ಎಂದು ನಾನೊಮ್ಮೆ ಕೇಳಿದ್ದೆ.

‘ಅವರಿಗೆ ಯಾಕ್ ಸಾರ್ ಇದೆಲ್ಲ? ತುಂಬು ಅಂದ್ರೆ ತುಂಬ್ಲಿ, ಸಾಕು’ ಎಂದರು. ನಾನು ಎರಡನೆಯ ಸಲ ಕೇಳಲಿಲ್ಲ. ಎರಡನೆಯ ಸಲ ಕೇಳುವುದು ನನ್ನ ಸ್ವಭಾವವಲ್ಲ.

ಎರಡು ಸಾವಿರದ ಇಸವಿ ಕಳೆದು ಒಂದೆರಡು ವರ್ಷವಾಗಿತ್ತು. ನಮ್ಮ ಜನರಲ್ ಮ್ಯಾನೇಜರ್ ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ನಡೆದ ಸೆಮಿನಾರಿಗೆ ಹೋಗಿಬಂದರು. ಈ ಮನುಷ್ಯನ ಬಗ್ಗೆ ಎರಡು ಮಾತು. ರವೀಂದ್ರನಗರದಲ್ಲಿ ಅವರ ಮನೆ, ಮನೆಯ ಮುಂದೆ ಕಾರು, ಕಾರಿಗೊಂದು ಹೊದಿಕೆ. ಎರಕದ ಅಂಗಳಕ್ಕೆ ಅವರು ಬರುತ್ತಿದ್ದದ್ದು ಆಯುಧಪೂಜೆಯ ದಿನ ಮಾತ್ರ. ಪ್ರತಿ ಸೆಮಿನಾರಿನಿಂದಲೂ ಒಂದು ಬ್ಯಾಗು ಮತ್ತು ಒಂದು ಹೊಸ ಪದ ತರುತ್ತಿದ್ದರು. ಬ್ಯಾಗು ಮನೆಗೆ ಹೋಗುತ್ತಿತ್ತು, ಪದ ನಮ್ಮ ತಲೆಯ ಮೇಲೆ ಬೀಳುತ್ತಿತ್ತು.

‘ನೋಡ್ರೀ, ಇನ್ಮೇಲೆ ಬೋರ್ಡು, ಸೀಮೆಸುಣ್ಣ ಎಲ್ಲ ಬಂದ್’ ಎಂದರು ನನ್ನನ್ನು ಕರೆಸಿ. ‘ಆನ್‌ಲೈನ್ ಟ್ರೈನಿಂಗು. ಅದೂ ಸುಮ್ನೆ ಅಲ್ಲ, ಇಂಟರ್‌ಆಕ್ಟಿವ್.’

‘ಅಂದ್ರೆ ಸಾರ್?’

‘ಅಂದ್ರೆ ಅದು ಪ್ರಶ್ನೆ ಕೇಳುತ್ತೆ, ನಾವು ಉತ್ತರ ಒತ್ತಬೇಕು. ಸರಿನೋ ತಪ್ಪೋ ಅದೇ ಹೇಳುತ್ತೆ.’

ಮೇಸ್ತ್ರಿ ಈಗ ಮಾಡುತ್ತಿರುವುದೂ ಅದನ್ನೇ ಅಲ್ಲವೇ ಎಂದು ಕೇಳಬೇಕೆನ್ನಿಸಿತು. ಕೇಳಲಿಲ್ಲ.

‘ಖರ್ಚೆಷ್ಟು, ಪ್ರಯೋಜನ ಎಷ್ಟು, ಎರಡನ್ನೂ ತೂಗಿ ನೋಡಿ ಒಂದು ಪುಟದ ರಿಪೋರ್ಟ್ ಕೊಡಿ. ಚೆನ್ನಾಗಿ ಯೋಚನೆ ಮಾಡಿ ಬರೀರಿ. ಸೋಮವಾರ ಪಾಠ ಮಾಡಿಕೊಡೋ ಬೆಂಗಳೂರಿನ ಕಂಪನಿಯವರು ಕೆಲಸ ಶುರು ಮಾಡೋಕೆ ಬರ್ತಾ ಇದ್ದಾರೆ.’

ಕೆಲಸ ಶುರುವಾಗುವ ದಿನ ಗೊತ್ತಾದ ಮೇಲೆ ತೂಗುವುದು ಏನನ್ನು? ಆದರೂ ಆ ಭಾನುವಾರ ಮನೆಯಲ್ಲಿ ಕುಳಿತು ನಾನು ಪ್ರಾಮಾಣಿಕವಾಗಿಯೇ ಒಂದು ಪುಟ ಬರೆದೆ. ಅಂಥ ಒಂದು ಗಂಟೆಯ ಪಾಠ ತಯಾರಿಸಲು ಬರೆಯುವವ, ಚಿತ್ರ ಹಾಕುವವ, ದನಿ ಕೊಡುವವ, ಕಂಪ್ಯೂಟರಿಗೆ ಅಳವಡಿಸುವವ ಎಲ್ಲರೂ ಸೇರಿ ತಿಂಗಳುಗಟ್ಟಲೆ ದುಡಿಯಬೇಕು. ಹತ್ತಾರು ಊರುಗಳಲ್ಲಿ ಸಾವಿರಾರು ಮಂದಿ ಅದೇ ಪಾಠ ಕಲಿಯುವುದಾದರೆ ಆ ದುಡಿಮೆ ಹಂಚಿಹೋಗುತ್ತದೆ. ನಮ್ಮಲ್ಲಿ ಇರುವುದು ಒಂದೇ ಅಂಗಳ, ಕಲಿಯಬೇಕಾದವರು ಕೈಬೆರಳೆಣಿಕೆಯ ಹೊಸಬರು, ಕಲಿಸುವವರು ಅಲ್ಲೇ ಮರಳಿನಲ್ಲಿ ನಿಂತಿದ್ದಾರೆ. ಕಲಿಸಬೇಕಾದದ್ದೋ ಕಣ್ಣಿಗಿಂತ ಹೆಚ್ಚಾಗಿ ಅಂಗೈಗೆ. ಪಂಪಿನ ಮಾದರಿ ಬದಲಾದರೆ ಪಾಠವನ್ನೂ ಬದಲಾಯಿಸಬೇಕು. ಆದ್ದರಿಂದ ಬೇಡ. ಹೀಗೆ ಬರೆದು, ಓದಿ, ನನ್ನ ಬುದ್ಧಿವಂತಿಕೆಗೆ ನಾನೇ ತಲೆದೂಗಿ, ಹರಿದು ಹಾಕಿದೆ. ಆಮೇಲೆ ಇನ್ನೊಂದು ಪುಟ ಬರೆದೆ. ಅದರಲ್ಲಿ ಸಮಯದ ಉಳಿತಾಯವಿತ್ತು, ಏಕರೂಪದ ಗುಣಮಟ್ಟವಿತ್ತು, ಜಾಗತಿಕ ಪೈಪೋಟಿಯಿತ್ತು. ಸಾಹೇಬರು ಅದನ್ನು ಓದದೆಯೇ ಸಹಿ ಮಾಡಿದರು. ನಾನು ಅದನ್ನು ಯೋಚಿಸದೆಯೇ ಬರೆದಿದ್ದೆನಾದ್ದರಿಂದ ಲೆಕ್ಕ ಸರಿಹೋಯಿತು.

ಸೋಮವಾರ ಬಂದವನು ಸಲಹೆಗಾರ. ಮೂವತ್ತರ ಒಳಗಿನ ವಯಸ್ಸು, ಹೆಗಲಿಗೆ ಲ್ಯಾಪ್‌ಟಾಪು, ಶಿವಮೊಗ್ಗದ ಒಳ್ಳೆಯ ಲಾಡ್ಜಿನಲ್ಲಿ ನಮ್ಮ ಖರ್ಚಿನ ರೂಮು. ಫೌಂಡ್ರಿಯನ್ನು ಆತ ಅದೇ ಮೊದಲು ನೋಡಿದ್ದು. ಕುಲುಮೆಯ ಶಾಖ ತಾಗಿದ್ದೇ ಹಿಂದೆ ಸರಿದು, ‘ಇಷ್ಟು ಬಿಸಿ ಇರುತ್ತಾ?’ ಎಂದ. ಕಬ್ಬಿಣ ಕರಗಿಸುವ ಕಡೆ ಎಷ್ಟಿರಬೇಕೆಂದು ಅಂದುಕೊಂಡಿದ್ದನೋ. ಆಮೇಲೆ ಆತ ಅಂಗಳಕ್ಕೆ ಬಂದದ್ದು ಇನ್ನೊಂದೇ ಸಲ. ನಾನು ಹೇಳುತ್ತಾ ಹೋದೆ, ಆತ ಟೈಪು ಮಾಡುತ್ತಾ ಹೋದ. ಮೂರನೆಯ ದಿನ ತಲೆ ಬಿಸಿಯಾಗಿದೆ ಎಂದು ಗಾಜನೂರಿಗೆ ಹೋಗೋಣ ಎಂದ. ಅಣೆಕಟ್ಟು ನೋಡಿದೆವು, ತುಂಗೆಯ ಮೀನು ತಿಂದೆವು, ಆತ ನೀರಿನ ಫೋಟೋ ತೆಗೆದ. ಸಂಜೆ ಆ ದಿನವನ್ನು ‘ವಿಷಯ ಸಂಗ್ರಹ’ ಎಂದು ಬರೆದುಕೊಂಡ. ನಾನು ಸಾಕ್ಷಿ ಸಹಿ ಹಾಕಿದೆ.

ಎರಡನೆಯ ಸಲ ಅಂಗಳಕ್ಕೆ ಬಂದದ್ದು ಮೇಸ್ತ್ರಿಯ ಕೈಗಳ ವಿಡಿಯೋ ತೆಗೆಯಲು. ಅವರು ಅಂದು ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ತೊಳೆದ ಅಂಗಿ ಹಾಕಿಕೊಂಡು ಬಂದಿದ್ದರು. ಮುಖ ಬೇಡ, ಕೈ ಮಾತ್ರ ಸಾಕು ಎಂದಾಗ ಅಂಗಿಯ ತೋಳು ಮಡಚಿಕೊಂಡು ಮರಳಿಗೆ ಕೈ ಹಾಕಿದರು. ಹಿಡಿದರು, ಒತ್ತಿದರು, ಮುರಿದರು. ಆವಿ ಹೊರಹೋಗಲೆಂದು ಕೋರಿನೊಳಗೆ ಬಿಡುವ ಗಾಳಿದಾರಿಯನ್ನು ತಂತಿಯಿಂದ ಬಿಡಿಸುವುದು, ಎರಡು ಹೋಳುಗಳನ್ನು ಅಂಟು ಹಚ್ಚಿ ಕೂಡಿಸುವುದು, ಎಲ್ಲವನ್ನೂ ನಿಧಾನವಾಗಿ ಮಾಡಿ ತೋರಿಸಿದರು. ಬಾಯಲ್ಲಿ ಬೈಗುಳವಿಲ್ಲದೆ ಅವರು ಪಾಠ ಮಾಡಿದ್ದನ್ನು ನಾನು ನೋಡಿದ್ದು ಅಂದೊಂದೇ ದಿನ.

ನಾಲ್ಕು ತಿಂಗಳ ಮೇಲೆ ಪಾಠ ಬಂತು. ಹಳೆಯ ಕ್ಲಾಸ್ ರೂಮಿಗೆ ಆರು ಕಂಪ್ಯೂಟರು, ಹೊಸ ಕುರ್ಚಿ, ಒಂದು ಏಸಿ ಬಂದವು. ಉದ್ಘಾಟನೆಗೆ ಸಾಹೇಬರು, ಸಲಹೆಗಾರ, ಮುಂದಿನ ಸಾಲಿನಲ್ಲಿ ಮೇಸ್ತ್ರಿ. ಟೆಲಿಫೋನ್ ಲೈನು ಕಿರ್ರೆಂದು ಕೂಗಿ ಸಂಪರ್ಕ ಸಿಗುವಷ್ಟರಲ್ಲಿ ಕಾಫಿ ಎರಡು ಸುತ್ತು ಆಗಿತ್ತು. ಕೊನೆಗೆ ಹಳದಿ ಟೊಪ್ಪಿಯ ಒಂದು ಬೊಂಬೆ ತೆರೆಯ ಮೇಲೆ ಬಂದು ನಮಸ್ಕಾರ ಹೇಳಿತು. ಹಿಂದೆಯೇ ಮರಳಿನ ರಾಶಿ ಕಾಣಿಸಿಕೊಂಡಿತು. ಮರಳು ಹಸಿರಾಗಿತ್ತು. ಗಿಳಿಹಸಿರು.

ನಡೆದದ್ದು ಇಷ್ಟು. ಹಸಿಯಾಗಿರುವ ಆ ಅಚ್ಚಿನ ಮರಳನ್ನು ಇಂಗ್ಲಿಷಿನಲ್ಲಿ ಗ್ರೀನ್ ಸ್ಯಾಂಡ್ ಎನ್ನುತ್ತಾರೆ. ಒಣಗಿಲ್ಲದ್ದು ಎಂಬುದಷ್ಟೇ ಅದರ ಅರ್ಥ. ಬೆಂಗಳೂರಿನಲ್ಲಿ ಕುಳಿತ ಯಾರೋ ಅದನ್ನು ‘ಹಸಿರು ಮರಳು’ ಎಂದು ಕನ್ನಡಕ್ಕೆ ತಂದಿದ್ದರು. ಚಿತ್ರ ಹಾಕುವವನು ನಿಷ್ಠೆಯಿಂದ ಬಣ್ಣ ತುಂಬಿದ್ದ.

‘ಇದೇನ್ ಸಾರ್, ಪಾಚಿ ಕಟ್ಟಿದ್ಯಾ?’ ಎಂದರು ಮೇಸ್ತ್ರಿ, ನನ್ನ ಕಡೆ ತಿರುಗಿ.

ಹಿಂದೆ ನಿಂತಿದ್ದ ಕೆಲಸಗಾರರು ನಕ್ಕರು. ಬೊಂಬೆ, ‘ಹಸಿರು ಮರಳಿನ ತೇವವನ್ನು ಹೇಗೆ ಪರೀಕ್ಷಿಸುವಿರಿ?’ ಎಂದು ಕೇಳಿತು. ಮೇಸ್ತ್ರಿ ಎದ್ದು, ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದರು. ಉದ್ಘಾಟನೆಗೆಂದು ಅವರ ಹೆಸರಿನಲ್ಲಿ ತೆರೆದಿದ್ದ ಪಾಠ ಮೊದಲನೆಯ ಪ್ರಶ್ನೆಯಲ್ಲೇ ನಿಂತುಹೋಯಿತು.

ಬಣ್ಣ ಬದಲಾಯಿಸಿ ಎಂದು ನಾನು ಸಲಹೆಗಾರನಿಗೆ ಹೇಳಿದೆ. ಪಾಠ ಒಪ್ಪಿಗೆಯಾದ ಮೇಲೆ ಮಾಡುವ ತಿದ್ದುಪಡಿಗೆ ಬೇರೆ ಚಾರ್ಜು ಆಗುತ್ತದೆ ಎಂದ. ಒಪ್ಪಿಗೆ ಕೊಟ್ಟವನು ಯಾರೆಂದು ಕೇಳಿದೆ. ಕಾಗದ ತೆಗೆದು ನನ್ನದೇ ಸಹಿ ತೋರಿಸಿದ. ಮರಳು ಹಸಿರಾಗಿಯೇ ಉಳಿಯಿತು.

ಆಮೇಲಿನ ತಿಂಗಳುಗಳಲ್ಲಿ ನಡೆದದ್ದನ್ನು ನೆನೆದರೆ ಇವತ್ತಿಗೂ ಹೇಸಿಗೆಯಾಗುತ್ತದೆ. ಕಾಯಂ ಕೆಲಸಗಾರರಿಗೆ ಒಬ್ಬೊಬ್ಬರಿಗೂ ಒಂದು ನಂಬರು, ಒಂದು ಪಾಸ್‌ವರ್ಡು. ಪಾಳಿ ಮುಗಿಸಿ ಬಂದವರು ಏಸಿಯ ಕೆಳಗೆ ಕುಳಿತು ಕಣ್ಣು ಮುಚ್ಚುತ್ತಿದ್ದರು. ಅವರ ಪರವಾಗಿ ನನ್ನ ಗುಮಾಸ್ತ ಮೌಸು ಒತ್ತುತ್ತಿದ್ದ. ಸರಿಯುತ್ತರಗಳ ಪಟ್ಟಿಯನ್ನು ಆತ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದ. ಬೊಂಬೆ ದಿನವಿಡೀ ಚಪ್ಪಾಳೆ ತಟ್ಟುತ್ತಿತ್ತು. ಎಲ್ಲರಿಗೂ ನೂರಕ್ಕೆ ನೂರು, ಎಲ್ಲರಿಗೂ ಸರ್ಟಿಫಿಕೇಟು. ನೂರು ಬಂದವನ ಪಾಠ ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು, ಮತ್ತೆ ತೆರೆಯುತ್ತಿರಲಿಲ್ಲ. ಒಂದೂವರೆ ತಿಂಗಳಲ್ಲಿ ಇಡೀ ಕಾರ್ಖಾನೆ ಸುಶಿಕ್ಷಿತವಾಗಿ, ಕೋಣೆ ಖಾಲಿಯಾಯಿತು.

ಆಗ ಸಾಹೇಬರಿಂದ ಚೀಟಿ ಬಂತು: ‘ಬಳಕೆ ಏಕೆ ಇಳಿದಿದೆ?’

ಆ ಚೀಟಿ ಬಂದ ವಾರವೇ ಕೋರ್ ಮಾಡುವ ಹೆಂಗಸರು ಊಟದ ಡಬ್ಬಿ ಹಿಡಿದುಕೊಂಡು ಬಾಗಿಲಲ್ಲಿ ನಿಂತರು. ಬೇಸಿಗೆ ಶುರುವಾಗಿತ್ತು. ‘ಸಾರ್, ಒಂದರ್ಧ ಗಂಟೆ ತಣ್ಣಗೆ ಕೂತ್ಕೊಂಡು ಹೋಗ್ತೀವಿ’ ಎಂದಳು ಮುಂದೆ ಇದ್ದವಳು. ಮೂವತ್ತು ಮೂವತ್ತೆರಡರ ಹೆಂಗಸು, ಏಳನೆಯ ಕ್ಲಾಸಿನವರೆಗೆ ಓದಿದವಳು. ಆಚೆ ಹೋಗಿ ಎನ್ನಲು ಬಾಯಿ ತೆರೆದವನಿಗೆ ಚೀಟಿಯ ನೆನಪಾಯಿತು. ಬಳಕೆ ಏರಬೇಕಿತ್ತು. ಮುಚ್ಚದೆ ಉಳಿದಿದ್ದ ಪಾಠ ಒಂದೇ, ಮೇಸ್ತ್ರಿಯದ್ದು. ಅವರ ನಂಬರು ಹಾಕಿ ತೆರೆದುಕೊಟ್ಟು, ‘ಏನಾದ್ರೂ ಒತ್ತುತ್ತಾ ಇರಿ’ ಎಂದೆ. ಇದರಲ್ಲಿ ಕರುಣೆಯಾಗಲಿ ದೂರದೃಷ್ಟಿಯಾಗಲಿ ಇರಲಿಲ್ಲ.

ಮಿಕ್ಕವರು ಉಂಡು ಮಲಗುತ್ತಿದ್ದರು. ಈಕೆ ಮಾತ್ರ ದಿನವೂ ಒತ್ತುತ್ತಿದ್ದಳು. ಒಂದು ದಿನ ಹಿಂದೆ ನಿಂತು ನೋಡಿದೆ. ಬೇಕೆಂದೇ ತಪ್ಪು ಉತ್ತರ ಒತ್ತುತ್ತಿದ್ದಳು.

‘ಯಾಕಮ್ಮ, ಸರಿಯುತ್ತರ ಗೊತ್ತಾಗ್ತಿಲ್ವಾ?’

‘ಗೊತ್ತು ಸಾರ್. ಸರಿ ಒತ್ತಿದ್ರೆ ಚಪ್ಪಾಳೆ ಹೊಡೆದು ಮುಂದೆ ಹೋಗಿಬಿಡುತ್ತೆ. ತಪ್ಪು ಒತ್ತಿದ್ರೆ ಎರಕ ಹೆಂಗೆ ಕೆಡುತ್ತೆ ಅಂತ ಒಳಗೆ ಸೀಳಿ ತೋರಿಸುತ್ತೆ. ನೋಡಿ, ಇಲ್ಲಿ ಗಾಳಿದಾರಿ ಮುಚ್ಚಿದ್ರೆ ಹಿಂಗೆ ಗುಳ್ಳೆ ಬರುತ್ತಂತೆ.’

‘ಇದನ್ನ ಯಾರೂ ಹೇಳಿರ್ಲಿಲ್ವಾ ನಿಮಗೆ?’

‘ಯಾರ್ ಹೇಳ್ತಾರೆ ಸಾರ್? ಕೇಳಿದ್ರೆ ಬೈತಾರೆ. ಇದು ಎಷ್ಟು ಸಲ ತಪ್ಪು ಮಾಡಿದ್ರೂ ಬೈಯೋದಿಲ್ಲ.’

ಪಕ್ಕದಲ್ಲಿ ಮಲಗಿದ್ದವಳು ಕಣ್ಣು ತೆರೆಯದೆಯೇ, ‘ನಿನಗ್ಯಾಕೆ ಮಾರಾಯ್ತಿ ಅದೆಲ್ಲ, ಕೂಲಿ ಜಾಸ್ತಿ ಕೊಡ್ತಾರಾ?’ ಎಂದಳು. ಈಕೆ ಮೇಸ್ತ್ರಿಯ ಕೈಗಳ ವಿಡಿಯೋ ಹಾಕಿಕೊಂಡು, ಅವರ ಬೆರಳು ಹೋದ ಹಾಗೆ ತನ್ನ ಬೆರಳನ್ನು ಗಾಳಿಯಲ್ಲಿ ಆಡಿಸುತ್ತಾ ಕುಳಿತಳು. ಇಡೀ ಪಾಠದಲ್ಲಿ ಬೆಂಗಳೂರಿನವರು ಕೆಡಿಸದೆ ಬಿಟ್ಟಿದ್ದದ್ದು ಆ ಕೆಲವು ನಿಮಿಷಗಳನ್ನು. ನನ್ನ ಎರಡೂ ಪುಟಗಳಲ್ಲಿ, ಹರಿದದ್ದರಲ್ಲೂ ಕೊಟ್ಟದ್ದರಲ್ಲೂ, ಇಂಥವಳೊಬ್ಬಳು ಇರಲಿಲ್ಲ.

ಮಳೆಗಾಲಕ್ಕೆ ಮೊದಲು ಒಂದು ಹೊಸ ಕವಚದ ಎರಕದಲ್ಲಿ ಗುಳ್ಳೆಗಳು ಬರತೊಡಗಿದವು. ಒಡೆದು ನೋಡಿದರೆ ಒಳಗೆಲ್ಲ ತೂತು. ಮೇಸ್ತ್ರಿ ಕುಲುಮೆಯವರನ್ನು ಬೈದರು, ಕುಲುಮೆಯವರು ಮರಳನ್ನು ಬೈದರು. ಮೂರು ದಿನ ಇದೇ ಜಗಳ. ನಾಲ್ಕನೆಯ ದಿನ ಆಕೆ ಕೈಯಲ್ಲೊಂದು ಕೋರು ಹಿಡಿದುಕೊಂಡು ಗಂಡಸರ ಗುಂಪಿನ ಹತ್ತಿರ ಬಂದಳು. ನಾನು ಅಲ್ಲೇ ಇದ್ದೆ, ಎಂದಿನಂತೆ ಯಾವುದೇ ಕೆಲಸವಿಲ್ಲದೆ.

‘ಮೇಸ್ತ್ರಿ, ಅಂಟು ಜಾಸ್ತಿ ಆಗಿ ಗಾಳಿದಾರಿಗೆ ಇಳಿದಿದೆ. ಹೊಸಬರು ಬಳಿಯೋದು ಹಂಗೆ. ನೋಡಿ’ ಎಂದು ಕೋರನ್ನು ಎರಡಾಗಿ ಮುರಿದು ತೋರಿಸಿದಳು. ಗಾಳಿದಾರಿಯ ತುಂಬ ಅಂಟು ಗಟ್ಟಿಯಾಗಿ ಕೂತಿತ್ತು.

ಮೇಸ್ತ್ರಿ ತುಂಡನ್ನು ತಿರುಗಿಸಿ ತಿರುಗಿಸಿ ನೋಡಿದರು. ಅವರ ಕಿವಿ ಕೆಂಪಾಗಿತ್ತು. ‘ಯಾರು ಹೇಳಿಕೊಟ್ಟಿದ್ದು ನಿಂಗೆ?’

‘ನೀವೇ.’

‘ನಾನಾ? ಯಾವಾಗ?’

‘ಕಂಪ್ಯೂಟರಲ್ಲಿ.’

ಅವರು ಮುರಿದ ಕೋರನ್ನು ಆಕೆಯ ಕೈಗೇ ಕೊಟ್ಟು ಹೊರಟರು. ಆ ದಿನದಿಂದ ಅಂಟು ಬಳಿಯುವುದನ್ನು ಆಕೆಯೇ ನೋಡಿಕೊಂಡಳು, ಗುಳ್ಳೆ ನಿಂತವು. ಎರಡು ದಿನ ಬಿಟ್ಟು ಮೇಸ್ತ್ರಿ ನನ್ನ ಕೋಣೆಗೆ ಬಂದರು. ಉದ್ಘಾಟನೆಯ ಮೇಲೆ ಅದೇ ಮೊದಲು. ಹೆಂಗಸರು ಊಟಕ್ಕೆ ಕುಳಿತಿದ್ದರು. ಬಾಗಿಲ ಬಳಿಯೇ ನಿಂತು ತೆರೆಯ ಮೇಲಿನ ತಮ್ಮ ಕೈಗಳನ್ನು ಕೊನೆಯವರೆಗೂ ನೋಡಿದರು. ನೋಡಿ, ‘ತಂತಿ ಇನ್ನೂ ಸ್ವಲ್ಪ ಓರೆ ಹಿಡೀಬೇಕಿತ್ತು’ ಎಂದು ಆಕೆಗೆ ಹೇಳಿ ಹೋದರು. ಹೆಣ್ಣೊಬ್ಬಳಿಗೆ ಅವರು ಹೇಳಿಕೊಟ್ಟ ಮೊದಲ ಪಾಠ ಅದಿರಬೇಕು.

ವರ್ಷ ತುಂಬಿದಾಗ ಸಲಹೆಗಾರ ಇನ್ನೊಂದು ವರ್ಷದ ಒಪ್ಪಂದ ಹಿಡಿದುಕೊಂಡು ಬಂದ. ಜೊತೆಗೆ, ಯಾರು ಎಷ್ಟು ಸಲ ಕುಳಿತರು, ಎಷ್ಟು ಸರಿ, ಎಷ್ಟು ತಪ್ಪು ಎಂಬ ಬಣ್ಣ ಬಣ್ಣದ ಚಾರ್ಟು ತಂದಿದ್ದ. ಅದರಲ್ಲಿ ಎಲ್ಲರದ್ದೂ ನೆಟ್ಟಗಿನ ಹಸಿರು ಗೆರೆ. ಒಬ್ಬರದ್ದು ಮಾತ್ರ ಕೆಂಪು, ಪುಟದಿಂದ ಆಚೆ ಹೋಗುವಷ್ಟು ಉದ್ದ. ಮೇಸ್ತ್ರಿಯದ್ದು.

ಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು. ‘ಏನ್ರೀ ಇದು! ಮೂವತ್ತು ವರ್ಷ ಮರಳಲ್ಲಿ ಬಿದ್ದು ಹೊರಳಾಡಿದ ಮನುಷ್ಯ, ಒಂದು ಉತ್ತರ ನೆಟ್ಟಗೆ ಬರೋದಿಲ್ವಾ? ಕರೀರಿ ಅವರನ್ನ.’

ಮೇಸ್ತ್ರಿ ಬಂದು ಮೇಜಿನ ಎದುರು ನಿಂತರು. ಕುಳಿತುಕೊಳ್ಳಿ ಎಂದು ಯಾರೂ ಹೇಳಲಿಲ್ಲ. ಸಲಹೆಗಾರ ಚಾರ್ಟನ್ನು ಅವರ ಕಡೆ ತಿರುಗಿಸಿದ. ಅವರು ಆ ಕೆಂಪು ಗೆರೆಯನ್ನು ನೋಡಿದರು, ಆಮೇಲೆ ನನ್ನನ್ನು ನೋಡಿದರು. ಯಾರು ಯಾರ ನಂಬರಿನಲ್ಲಿ ಕುಳಿತಿದ್ದರು ಎಂದು ಅವರಿಗೆ ಆಗಲೇ ಅರ್ಥವಾಗಿತ್ತು. ನಾನು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ನಾನು ಕಿಟಕಿಯಿಂದ ಹೊರಗೆ, ಭದ್ರಾವತಿಯ ಕಡೆ ಹೋಗುತ್ತಿದ್ದ ಲಾರಿಗಳನ್ನು ನೋಡುತ್ತಾ ಕುಳಿತೆ.

‘ಇದು ನಿಮ್ಮದೇನಾ?’ ಎಂದು ಕೇಳಿದರು ಸಾಹೇಬರು.

‘ಹೌದು ಸಾರ್. ನಂಗೆ ಬರ್ಲಿಲ್ಲ’ ಎಂದರು ಮೇಸ್ತ್ರಿ.

‘ಇಷ್ಟು ಸಲ ಕೂತ್ರೂ ಬರ್ಲಿಲ್ವಾ?’

‘ವಯಸ್ಸಾಯ್ತು ಸಾರ್.’

ಸಲಹೆಗಾರ ಅನುಕಂಪದಿಂದ ತಲೆಯಾಡಿಸಿ, ಹಿರಿಯರಿಗೆ ಹೊಸ ವಿಧಾನ ಒಗ್ಗುವುದು ಕಷ್ಟ ಎಂದ. ನಿವೃತ್ತಿಯ ನಂತರ ಒಂದು ವರ್ಷ ಮುಂದುವರಿಸುವಂತೆ ಮೇಸ್ತ್ರಿ ಕೊಟ್ಟಿದ್ದ ಅರ್ಜಿ ಅದೇ ಮೇಜಿನ ಮೇಲಿತ್ತು. ಸಾಹೇಬರು ಚಾರ್ಟನ್ನು ಆ ಅರ್ಜಿಗೆ ಪಿನ್ನು ಚುಚ್ಚಿ ಸೇರಿಸಿದರು. ಅಲ್ಲಿಗೆ ಅದು ಮುಗಿಯಿತು.

ಸಂಜೆ ಗೇಟಿನ ಹೊರಗೆ ಮೇಸ್ತ್ರಿ ಬಸ್ಸಿಗೆ ಕಾಯುತ್ತಿದ್ದರು. ಆಚೆ ಬದಿಯಲ್ಲಿ ನನ್ನ ಬಸ್ಸು ಬಂದು ನಿಂತಿತ್ತು. ಅದನ್ನು ಬಿಟ್ಟು ರಸ್ತೆ ದಾಟಿ ಅವರ ಬಳಿ ಹೋದೆ. ಕ್ಷಮೆ ಕೇಳುವ ಮಾತುಗಳನ್ನು ಮಧ್ಯಾಹ್ನವೆಲ್ಲ ಜೋಡಿಸಿಕೊಂಡಿದ್ದೆ. ಅವರು ಕೈ ಎತ್ತಿ ತಡೆದರು.

‘ಬಿಡಿ ಸಾರ್. ನೀವು ಬಾಯಿ ಬಿಟ್ಟಿದ್ರೆ ಆ ಹೆಂಗಸರನ್ನ ನಾಳೆನೇ ಗೇಟಿಂದ ಆಚೆ ಹಾಕ್ತಿದ್ರು. ಇನ್ನೊಬ್ಬರ ನಂಬರಲ್ಲಿ ಕೂತ್ರು ಅಂತ. ನೀವು ಸುಮ್ನಿದ್ದದ್ದು ಒಳ್ಳೇದೇ ಆಯ್ತು.’

ನನ್ನ ಎದೆ ಸ್ವಲ್ಪ ಹಗುರವಾಯಿತು. ಅದು ಅವರಿಗೆ ಕಾಣಿಸಿತೇನೋ.

‘ಆದ್ರೆ ನೀವು ಅವರಿಗೋಸ್ಕರ ಸುಮ್ನಿರ್ಲಿಲ್ಲ’ ಎಂದರು. ‘ನಿಮಗೋಸ್ಕರ ಸುಮ್ನಿದ್ರಿ. ಅಷ್ಟು ಗೊತ್ತಾಗುತ್ತೆ ನಂಗೆ.’

ಬಸ್ಸು ಬಂತು. ಅವರು ಹತ್ತಿ ಹೋದರು. ನಾನು ಯಾರ ಯಾರನ್ನೋ ಮನಸ್ಸಿನಲ್ಲಿ ತುಚ್ಛವಾಗಿ ಕಾಣುತ್ತಾ, ಅದೇ ನನ್ನ ದೊಡ್ಡತನವೆಂದು ನಂಬಿಕೊಂಡು ಅಷ್ಟು ವರ್ಷ ಕಳೆದಿದ್ದೆ. ಸಾಹೇಬರು ಮೂರ್ಖರು, ಸಲಹೆಗಾರ ಠಕ್ಕ, ಗುಮಾಸ್ತ ಸೋಮಾರಿ. ಅವರಲ್ಲಿ ಯಾರಿಗೂ ತಾವು ಮಾಡುತ್ತಿರುವುದು ತಪ್ಪೆಂದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು. ಆ ಒಂದು ವ್ಯತ್ಯಾಸ ನನ್ನನ್ನು ಅವರಿಗಿಂತ ಮೇಲೆ ಇಡುವುದಿಲ್ಲ, ಕೆಳಗೇ ಇಡುತ್ತದೆ ಎಂದು ಅರ್ಥವಾಗಲು ನಲವತ್ತೈದು ವರ್ಷ ಬೇಕಾಯಿತು.

ಒಪ್ಪಂದ ಮುಂದುವರಿಸಬೇಕೋ ಬೇಡವೋ ಎಂದು ಮತ್ತೆ ಒಂದು ಪುಟ ಬರೆಯಲು ನನಗೇ ಹೇಳಿದರು. ಈ ಸಲ ನಿಜಕ್ಕೂ ತೂಗಲು ಕುಳಿತೆ. ಅಷ್ಟು ಜನರ ಅಷ್ಟು ದುಡಿಮೆ ಒಂದು ಕಡೆ. ಇನ್ನೊಂದು ಕಡೆ, ಲೆಕ್ಕದ ಪ್ರಕಾರ ಕಾರ್ಖಾನೆಯಲ್ಲಿ ಇಲ್ಲವೇ ಇಲ್ಲದ ಒಬ್ಬ ಹೆಂಗಸು, ಬೈಗುಳವಿಲ್ಲದೆ ತಪ್ಪು ಮಾಡಲು ಸಿಕ್ಕ ಅವಕಾಶ, ಗುಳ್ಳೆಯಿಲ್ಲದೆ ಹೊರಬಂದ ಕವಚಗಳು. ಅವಳನ್ನು ಸೇರಿಸಿದರೆ ತಕ್ಕಡಿ ಆಕೆಯ ಕಡೆ ವಾಲುತ್ತಿತ್ತು ಎಂದು ಈಗ ಅನ್ನಿಸುತ್ತದೆ. ಆದರೆ ಸೇರಿಸಿದರೆ ಆಕೆಯ ಕೆಲಸ ಹೋಗುತ್ತಿತ್ತು. ‘ವೆಚ್ಚಕ್ಕೆ ತಕ್ಕ ಪ್ರಯೋಜನ ಕಂಡುಬಂದಿಲ್ಲ’ ಎಂದು ಬರೆದೆ. ಸಾಹೇಬರು ಆಗಲೇ ಇನ್ನೊಂದು ಸೆಮಿನಾರಿಗೆ ಹೋಗಿ ಬೇರೊಂದು ಪದ ತಂದಿದ್ದರು. ಕೂಡಲೇ ಸಹಿ ಮಾಡಿದರು. ಕಂಪ್ಯೂಟರುಗಳು ಲೆಕ್ಕಪತ್ರ ವಿಭಾಗಕ್ಕೆ ಹೋದವು, ಏಸಿ ಸಾಹೇಬರ ಕೋಣೆಗೆ ಹೋಯಿತು. ಬೆಂಗಳೂರಿನಲ್ಲಿದ್ದ ಪಾಠವನ್ನು ಆ ಕಂಪನಿಯವರು ಅಳಿಸಿಹಾಕಿದರು. ಮೇಸ್ತ್ರಿಯ ಕೈಗಳೂ ಅದರೊಟ್ಟಿಗೇ ಹೋದವು. ಒಂದು ಪ್ರತಿ ಕೇಳಿ ಇಟ್ಟುಕೊಳ್ಳಬೇಕೆಂದು ನನಗೆ ಹೊಳೆಯಲಿಲ್ಲ.

ಮೇಸ್ತ್ರಿ ನಿವೃತ್ತರಾದರು. ಹಾರ ಹಾಕುವ ದಿನ ನಾನು ರಜೆ ಹಾಕಿದ್ದೆ. ಕೆಲವು ತಿಂಗಳಲ್ಲಿ ಆಕೆಯೂ ಬಿಟ್ಟಳು. ಭದ್ರಾವತಿಯ ಹತ್ತಿರ ಒಂದು ಸಣ್ಣ ಫೌಂಡ್ರಿಯಲ್ಲಿ ಕೋರ್ ವಿಭಾಗವನ್ನೇ ಅವಳಿಗೆ ವಹಿಸಿದ್ದಾರೆ ಎಂದು ಗೇಟಿನ ಕಾವಲುಗಾರ ಹೇಳಿದ. ಅಲ್ಲಿಗೆ ಸೇರಿದ ಮೇಲೆ ಆಕೆ ಮಾಲೀಕರ ಬೆನ್ನುಬಿದ್ದು ಮೇಸ್ತ್ರಿಯನ್ನೂ ವಾರಕ್ಕೆ ಮೂರು ದಿನ ಕರೆಸಿಕೊಳ್ಳುತ್ತಿದ್ದಾಳೆ ಎಂದೂ ಹೇಳಿದ.

ಒಂದು ಶನಿವಾರ ಮಧ್ಯಾಹ್ನ ಅಲ್ಲಿಗೆ ಹೋದೆ. ಯಾಕೆ ಹೋದೆನೋ ಗೊತ್ತಿಲ್ಲ. ತಗಡಿನ ಚಾವಣಿಯ ಕೆಳಗೆ ಐದಾರು ಹೊಸ ಹೆಂಗಸರು ಮರಳು ಹಿಡಿದು ನಿಂತಿದ್ದರು. ನಡುವೆ ಮೇಸ್ತ್ರಿ ಮತ್ತು ಆಕೆ ಜಗಳವಾಡುತ್ತಿದ್ದರು.

‘ಅಷ್ಟು ಗಟ್ಟಿ ಒತ್ತಬೇಡ ಅಂತ ಎಷ್ಟು ಸಲ ಹೇಳ್ಲಿ ಇವರಿಗೆ?’

‘ನೀವು ಕೂಗಿದ್ರೆ ಕೈ ನಡುಗುತ್ತೆ ಅವಕ್ಕೆ. ಸುಮ್ನೆ ನಿಂತ್ಕೊಳ್ಳಿ, ನಾನ್ ಹೇಳ್ತೀನಿ.’

ಮೇಸ್ತ್ರಿ ಗೊಣಗುತ್ತಾ ಸುಮ್ಮನೆ ನಿಂತರು. ಆಮೇಲೆ ನನ್ನನ್ನು ಕಂಡರು. ‘ಏನ್ ಸಾರ್, ರಿಪೋರ್ಟು ಬರೆಯೋಕೆ ಬಂದ್ರಾ?’ ಎಂದರು. ಹೆಂಗಸರೆಲ್ಲ ನಕ್ಕರು. ಆಕೆಯೂ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕಳು. ನಾನೂ ನಕ್ಕೆ. ಯಾರೋ ಚಹಾ ತಂದುಕೊಟ್ಟರು. ನಿಂತೇ ಕುಡಿದು, ಲೋಟ ತೊಳೆದಿಟ್ಟು, ಶಿವಮೊಗ್ಗದ ಬಸ್ಸಿಗೆ ಬಂದೆ.